ಕು ಅಂದ್ರೆ ಕುಪ್ಪಳಿ

ಶಿವಮೊಗ್ಗದಲ್ಲಿ ಕೂತ್ಕೊಂಡು ಮೆಟ್ರೋ ಸ್ಟೇಷನ್ ಬಗ್ಗೆ ಬರೀತಿದಾನೆ ಅಂತ ನಗಬೇಡಿ. ನಮ್ಮೂರಲ್ಲಿ ಓಡೋದು ಸಿಟಿ ಬಸ್ಸು, ಆಟೋ, ಆಷಾಢದಲ್ಲಿ ತುಂಗೆ, ಅಷ್ಟೇ. ಆದ್ರೆ ಬೆಂಗಳೂರಿನ ಗ್ರೀನ್ ಲೈನ್‌ನಲ್ಲಿ ಮಹಾಕವಿ ಕುವೆಂಪು ರಸ್ತೆ ಅಂತ ಒಂದು ಸ್ಟೇಷನ್ ಇದೆ ನೋಡಿ, ಅದನ್ನ ನಮ್ಮಮ್ಮ "ನಮ್ ಸ್ಟೇಷನ್" ಅಂತಾಳೆ. ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಹೋಗೋ ದಾರೀಲಿ ಒಳಗೆ ನುಗ್ಗಿದ್ರೆ ಸಿಗೋ ತೋಟದ ಮನೇಲಿ ಕೂತು, ಎದುರಿಗೆ ಅಂಗಳದಲ್ಲಿ ಅಡಿಕೆ ಹರವಿಕೊಂಡು, ಫೋನಲ್ಲಿ "ನಮ್ ಸ್ಟೇಷನ್ ಹತ್ರ ಆ ಹೂವಿನೋಳು ಇದಾಳನಾ?" ಅಂತ ಕೇಳ್ತಾಳೆ. ಅದು ಹೆಂಗೆ ನಮ್ದಾಯ್ತು ಅಂತ ಹೇಳಬೇಕು.

ಮೊದಲು ಒಂದು ಮಾತು. ಶಿವಮೊಗ್ಗದಲ್ಲಿ ಇರೋರಿಗೆ ಕುವೆಂಪು ಅನ್ನೋ ಹೆಸರು ಕಿವಿಗೆ ಬೀಳೋದೇ ಇಲ್ಲ, ಅಷ್ಟು ಬಳಸಿಬಿಟ್ಟಿದೀವಿ. ಡಾಕ್ಟರ್ ಹತ್ರ ಹೋಗಬೇಕಂದ್ರೆ ಕುವೆಂಪು ರೋಡು, ನಾಟಕ ನೋಡಬೇಕಂದ್ರೆ ಕುವೆಂಪು ರಂಗಮಂದಿರ, ಮಾರ್ಕ್ಸ್ ಕಾರ್ಡ್ ತಿದ್ದಿಸಬೇಕಂದ್ರೆ ಶಂಕರಘಟ್ಟದಲ್ಲಿ 1987ರಲ್ಲಿ ಶುರುವಾದ ಕುವೆಂಪು ಯೂನಿವರ್ಸಿಟಿ, ಈಗ 2023ರ ಫೆಬ್ರವರಿಯಿಂದ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ. ವಿಮಾನಕ್ಕೆ ರಾಷ್ಟ್ರಕವಿ, ಮೆಟ್ರೋಗೆ ಮಹಾಕವಿ, ಯಾರು ಯಾವ ಬಿರುದು ತಗೋಬೇಕು ಅಂತ ಎಲ್ಲಿ ಕೂತು ಹಂಚಿಕೊಂಡ್ರೋ. ನಾವು ಮಾತ್ರ ಎಲ್ಲದನ್ನೂ "ಕುವೆಂಪು ರೋಡ್‌ಗೆ ಬಾ, ಆ ಲ್ಯಾಬ್ ಹತ್ರ ನಿಂತಿರ್ತೀನಿ" ಅನ್ನೋ ಲೆಕ್ಕದಲ್ಲಿ ಹೇಳ್ತೀವಿ. ನಾನೂ ಹಂಗೇ ಇದ್ದೆ.

2024ರ ಬೇಸಿಗೇಲಿ ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದು ಬಲಿತುಹೋಗಿತ್ತು. ಅನ್ನದಲ್ಲಿ ಕಲ್ಲು ಕಾಣಲ್ಲ ಅಂತ ಅವಳು ಹೇಳಲೇ ಇಲ್ಲ, ನಾವು ತಿಂದಾಗ ಗೊತ್ತಾಯ್ತು. ಪೊರೆ ಆಪರೇಷನ್ ಶಿವಮೊಗ್ಗದಲ್ಲೂ ಮಾಡ್ತಾರೆ, ಚೆನ್ನಾಗೇ ಮಾಡ್ತಾರೆ, ಆದ್ರೆ ಅಮ್ಮಂಗೆ ಶುಗರ್ ಇರೋದ್ರಿಂದ ಕಣ್ಣಿನ ಹಿಂದುಗಡೆನೂ ನೋಡಬೇಕು ಅಂತ ಒಂದು ಮಾತು ಬಂತು, ಅಷ್ಟು ಸಾಕಾಯ್ತು ಅಕ್ಕಂಗೆ. ಅಕ್ಕ ಇರೋದು ಬೆಂಗಳೂರಿನ ಗಾಯತ್ರಿನಗರದಲ್ಲಿ. "ಇಪ್ಪತ್ತು ವರ್ಷದಿಂದ ಕರೀತಿದೀನಿ, ಎರಡು ದಿನ ಇದ್ದು ಕೊಟ್ಟಿಗೆ, ತೋಟ ಅಂತ ಓಡಿಹೋಗ್ತಾಳೆ, ಈಗಾದ್ರೂ ಇರಲಿ" ಅಂತ ಹಠ ಹಿಡಿದಳು. ಅಮ್ಮ ಒಪ್ಪಿದ್ದು ಒಂದೇ ಕಾರಣಕ್ಕೆ, ಮಗಳ ಮನೆಗೆ ಹಲಸಿನಹಣ್ಣು ತಗೊಂಡು ಹೋಗಬಹುದಲ್ಲ ಅಂತ.

ಹೊರಡೋ ಹಿಂದಿನ ದಿನ ಅಕ್ಕ ಫೋನ್ ಮಾಡಿ ಅಮ್ಮಂಗೆ ಹೇಳಿದ್ದು ಒಂದೇ ಮಾತು. "ಅಮ್ಮಾ, ಒಳ್ಳೆ ಸೀರೆ ಉಟ್ಕೊಂಡು ಬಾ." ಅಮ್ಮಂಗೆ ಅರ್ಥ ಆಗ್ಲಿಲ್ಲ, ಮದುವೆಗೆ ಹೊರಟಿದೀನಾ ಅಂದ್ಲು. ನಂಗೆ ಅರ್ಥ ಆಯ್ತು. ಅದೇ ವರ್ಷ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೋ ಸ್ಟೇಷನ್ನಲ್ಲಿ ತಲೆ ಮೇಲೆ ಮೂಟೆ ಹೊತ್ತಿದ್ದ ಒಬ್ಬ ರೈತರನ್ನ ಬಟ್ಟೆ ಕೊಳೆ ಆಗಿದೆ ಅಂತ ಒಳಗೆ ಬಿಡದೆ ನಿಲ್ಲಿಸಿದ್ರು, ಟಿಕೆಟ್ ಇತ್ತು ಅವರ ಹತ್ರ, ಪಕ್ಕದಲ್ಲಿದ್ದ ಪ್ರಯಾಣಿಕರೇ ಜಗಳ ಮಾಡಿ ಒಳಗೆ ಕರ್ಕೊಂಡು ಹೋದ್ರು, ವಿಡಿಯೋ ಎಲ್ಲ ಕಡೆ ಓಡಾಡ್ತು, ಆಮೇಲೆ ಮೆಟ್ರೋದವರು ಆ ಸೆಕ್ಯುರಿಟಿ ಸೂಪರ್‌ವೈಸರ್‌ನ ಕೆಲಸದಿಂದ ತೆಗೆದ್ರು. ರಾಜಾಜಿನಗರ ಅಂದ್ರೆ ಕುವೆಂಪು ರಸ್ತೆಗೆ ಪಕ್ಕದ ಸ್ಟೇಷನ್ನು. ವಿಶ್ವಮಾನವ ವಿಶ್ವಮಾನವ ಅಂತ ಜೀವಮಾನ ಇಡೀ ಹೇಳಿದ ಮನುಷ್ಯನ ಹೆಸರಿನ ಸ್ಟೇಷನ್ನಿಗೆ ಒಂದೇ ಸ್ಟಾಪ್ ದೂರ. ಅಕ್ಕ ಆ ವಿಡಿಯೋನ ಎಷ್ಟು ಸಲ ನೋಡಿದ್ಲೋ, ಅವಳ ತಲೇಲಿ ಆ ಮೂಟೆ ಕೆಳಗೆ ನಮ್ಮಮ್ಮನ ಮುಖ ಕೂತುಬಿಟ್ಟಿತ್ತು.

ಶಿವಮೊಗ್ಗದಿಂದ ಬೆಳಗಿನ ರೈಲು. ಭದ್ರಾವತಿ, ತರೀಕೆರೆ, ಬೀರೂರು, ಕಡೂರು, ಅರಸೀಕೆರೆ ಅಂತ ಅಮ್ಮ ಕಿಟಕಿ ಕಡೆ ಮುಖ ಮಾಡ್ಕೊಂಡು ಏನೂ ಸರಿಯಾಗಿ ಕಾಣದೆ ಇದ್ರೂ "ಇದೆಂತ ಊರಾ" ಅಂತ ಕೇಳ್ತಾ ಬಂದ್ಲು. ಯಶವಂತಪುರದಲ್ಲಿ ಇಳಿದ್ವಿ. ನನ್ನ ಕೈಲಿ ಬಟ್ಟೆ ಬ್ಯಾಗು, ಇನ್ನೊಂದು ಕೈಲಿ ಗೋಣಿಚೀಲದಲ್ಲಿ ಸುತ್ತಿದ ಹಲಸಿನಹಣ್ಣು. ಅಮ್ಮನ ಕೈಲಿ ವೈರ್ ಬುಟ್ಟಿ, ಅದನ್ನ ನಂಗೆ ಕೊಡಲೇ ಇಲ್ಲ, ಉಪ್ಪಿನಕಾಯಿ ಬಾಟಲಿ ಇದೆ ಮಗುಚಿಹಾಕ್ತೀಯ ಅಂದ್ಲು. ಸರಿ, ಮೆಟ್ರೋ ಸ್ಟೇಷನ್ ಹತ್ತಿ ಹೋದ್ವಿ. ಅಲ್ಲಿ ಸ್ಕ್ಯಾನಿಂಗ್ ಮಷಿನ್ನು. ಬ್ಯಾಗು ಹೋಯ್ತು, ಹಲಸಿನಹಣ್ಣು ಹೋಯ್ತು (ಸ್ಕ್ರೀನಲ್ಲಿ ಅದು ಎಷ್ಟು ಚಂದ ಕಾಣುತ್ತೆ ಗೊತ್ತಾ, ಒಳಗಿನ ಬೀಜ ಎಲ್ಲ ಸಾಲಾಗಿ, ಹೊಟ್ಟೇಲಿರೋ ಮಗು ಥರ), ವೈರ್ ಬುಟ್ಟಿ ಹೋಗಿ ಅಲ್ಲೇ ನಿಂತುಬಿಡ್ತು. ಸೆಕ್ಯುರಿಟಿ ಹೆಂಗಸು ಸ್ಕ್ರೀನ್ ನೋಡಿದ್ರು, ಅಮ್ಮನ ನೋಡಿದ್ರು, ಮತ್ತೆ ಸ್ಕ್ರೀನ್ ನೋಡಿದ್ರು.

"ಅಜ್ಜಿ, ಇದ್ರಲ್ಲಿ ಏನಿದೆ?"

"ಎಂತದೂ ಇಲ್ಲ ಮಾರಾಯ್ತಿ. ಉಪ್ಪಿನಕಾಯಿ, ಹಪ್ಪಳ, ಮೆಟ್ಟುಕತ್ತಿ."

ಮೆಟ್ಟುಕತ್ತಿ! ಗೊತ್ತಿಲ್ಲದೋರಿಗೆ ಹೇಳ್ತೀನಿ, ಬೆಂಗಳೂರು ಕಡೆಯೋರು ಈಳಿಗೆಮಣೆ ಅಂತಾರಲ್ಲ ಅದು, ಕಾಲಲ್ಲಿ ಮೆಟ್ಟಿ ಕೂತು ತರಕಾರಿ ಹೆಚ್ಚೋದು. ಹಳೇ ಸೀರೆ ತುಂಡಲ್ಲಿ ನಾಲ್ಕು ಸುತ್ತು ಸುತ್ತಿ, ಬಾಳೆನಾರಲ್ಲಿ ಕಟ್ಟಿ, ಉಪ್ಪಿನಕಾಯಿ ಬಾಟಲಿಗಳ ಮಧ್ಯ ಮಲಗಿಸಿದ್ಲು. ಆ ಹೆಂಗಸು ಬಿಚ್ಚಿ ನೋಡಿ ನಗು ತಡ್ಕೊಂಡು, ಇದನ್ನ ಒಳಗೆ ಬಿಡಕ್ಕಾಗಲ್ಲ ಸಾರ್ ಅಂದ್ರು, ಅವರದೇನೂ ತಪ್ಪಿಲ್ಲ, ಗಾಳಿಯಲ್ಲಿ ಬೀಸಿದ್ರೆ ಕೈ ಹೋಗುತ್ತೆ ಆ ಕತ್ತಿಗೆ. ನಾನು ಅಮ್ಮನ ಮೇಲೆ ರೇಗಿದೆ. ಅವಳು ತಣ್ಣಗೆ ಹೇಳಿದ್ಲು, "ಹಲಸಿನಹಣ್ಣು ಕೊರೆಯಕ್ಕೆ ನಿನ್ ಅಕ್ಕನ ಮನೆ ಚಾಕು ಎಂತಕ್ಕೂ ಬರಲ್ಲ. ಹಣ್ಣು ಬಿಟ್ಟು ಕತ್ತಿ ಹಿಡೀತಾರಲ್ಲ ಇವ್ರು." ಆಟೋದಲ್ಲಿ ಹೋದ್ವಿ. ಕತ್ತಿನೂ ಆಟೋದಲ್ಲಿ ಬಂತು. ಈಗಲೂ ಅಕ್ಕನ ಅಡುಗೆಮನೆ ಮೂಲೇಲಿ ಇದೆ, ಅಕ್ಕನ ಮಗಳು ಅದರ ಹತ್ರ ಸುಳಿಯಲ್ಲ.

ಹಿಂಗಾಗಿ ಅಮ್ಮನ ಮೊದಲ ಮೆಟ್ರೋ ಪ್ರಯಾಣ ಒಂದು ವಾರ ತಡ ಆಯ್ತು. ಅಷ್ಟರಲ್ಲಿ ಮೆಟ್ರೋನೇ ಅವಳ ಮನೆಗೆ ಬರ್ತಿತ್ತು ಅನ್ನಿ. ಅಕ್ಕನ ಮನೆ ಎರಡನೇ ಮಹಡಿ, ಇಪ್ಪತ್ತು ಮೂವತ್ತರ ಸೈಟು, ಆ ಕಡೆ ಈ ಕಡೆ ಮನೆಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿರ್ತಾವೆ, ಆದ್ರೆ ಹಾಲಿನ ಕಿಟಕಿಯಿಂದ ಎರಡು ಕಟ್ಟಡದ ಸಂದೀಲಿ ಮೆಟ್ರೋ ಸೇತುವೆ ಒಂದು ತುಂಡು ಕಾಣುತ್ತೆ. ರೈಲು ಬಂದ್ರೆ ಆ ಸಂದೀಲಿ ಮೂರು ನಾಲ್ಕು ಸೆಕೆಂಡು ಕಿಟಕಿಗಳು ಸರ್ರಂತ ಹೋಗ್ತವೆ. ಅಮ್ಮಂಗೆ ಕಾಣ್ತಿರಲಿಲ್ಲ, ಕೇಳ್ತಿತ್ತು. ಮೊದಲ ದಿನವೇ ಹಿಡಿದುಬಿಟ್ಲು. ಬೆಳಗ್ಗೆ ಐದೂ ಚಿಲ್ಲರೆಗೆ ಬರೋ ಮೊದಲ ರೈಲಿಗೆ ಎದ್ದು ಕಾಫಿ ಡಿಕಾಕ್ಷನ್ ಹಾಕೋದು, ಊರಲ್ಲಿ ಕೋಳಿ ಕೂಗ್ತಿತ್ತು ಇಲ್ಲಿ ಇದು ಕೂಗುತ್ತೆ ಅಂತ. ಮೊದಲ ಭಾನುವಾರ ಮಾತ್ರ ಯಡವಟ್ಟಾಯ್ತು. ಭಾನುವಾರ ಮೆಟ್ರೋ ಶುರುವಾಗೋದು ಏಳು ಗಂಟೆಗೆ, ಅಮ್ಮ ಏಳೂವರೆವರೆಗೆ ಮಲಗಿಬಿಟ್ಲು. ಹುಷಾರಿಲ್ವೇನೋ ಅಂತ ಅಕ್ಕ ಗಾಬರಿ. ಎದ್ದೋಳು ನಾಚಿಕೆ ಪಟ್ಕೊಂಡು ರೈಲಿನ ಮೇಲೆ ಹಾಕಿದ್ಲು, "ಅದೇ ಎದ್ದಿಲ್ಲ, ನಾ ಎಂತ ಮಾಡ್ಲಿ."

ಆ ಏರಿಯಾ ಬಗ್ಗೆ ಹೇಳಬೇಕಂದ್ರೆ, ಟೂರಿಸ್ಟ್‌ಗಳು ಬಂದು ಫೋಟೋ ತೆಗೆಯೋಂಥದ್ದು ಅಲ್ಲಿ ಏನೂ ಇಲ್ಲ, ಅದಕ್ಕೇ ನಂಗೆ ಇಷ್ಟ. ಒಂದು ಕಡೆ ನವರಂಗ್ ಸರ್ಕಲ್ಲು, ಡಾ. ರಾಜ್‌ಕುಮಾರ್ ರಸ್ತೆ, ಇನ್ನೊಂದು ಕಡೆ ಶ್ರೀರಾಂಪುರ, ಮಲ್ಲೇಶ್ವರದ ಬೆನ್ನು. ಮಲ್ಲೇಶ್ವರದ ಬೆನ್ನು ಅಂತ ಯಾಕಂದೆ ಅಂದ್ರೆ ಮುಖದ ಕಡೆ ಇರೋ ಸಂಪಿಗೆ ರೋಡಿನ ಶೋಕಿ ಇಲ್ಲಿ ಇಲ್ಲ. ಪ್ರಿಂಟಿಂಗ್ ಪ್ರೆಸ್ಸು, ಟೈಲರ್, ಚಕ್ಕುಲಿ ಕೋಡುಬಳೆ ಮಾಡೋ ಕಾಂಡಿಮೆಂಟ್ಸು, ಗಿರಣಿ, ಮನೆ ಮುಂದೆ ರಂಗೋಲಿ ಮೇಲೇ ನಿಲ್ಲಿಸಿರೋ ಸ್ಕೂಟರು. ಸೇತುವೆ ಕೆಳಗೆ ಮಾತ್ರ ಬೇರೇ ಲೋಕ. ಕಂಬಗಳಿಗೆ ನಂಬರ್ ಇರೋದ್ರಿಂದ ಎಲ್ಲರೂ ವಿಳಾಸ ಹೇಳೋದು ಪಿಲ್ಲರ್ ಲೆಕ್ಕದಲ್ಲೇ, ಅಡ್ಡರಸ್ತೆ ಹೆಸರು ಯಾರಿಗೂ ಬೇಡ. ನೆರಳಲ್ಲಿ ಎಳನೀರು, ಕಟ್ ಮಾಡಿದ ಪರಂಗಿಹಣ್ಣು, ಪಂಕ್ಚರ್ ಹಾಕೋನು. ಅಕ್ಕ ಅಲ್ಲಿಗೆ ಬಾಡಿಗೆಗೆ ಹೋದಾಗ 2013, ಸೇತುವೆ ಎದ್ದು ನಿಂತಿತ್ತು ರೈಲು ಬಂದಿರಲಿಲ್ಲ. 2014ರ ಮಾರ್ಚ್ 1ಕ್ಕೆ ಸಂಪಿಗೆ ರೋಡಿಂದ ಪೀಣ್ಯ ಇಂಡಸ್ಟ್ರಿವರೆಗೆ ಶುರುವಾಯ್ತು. ಆಗ ಅದು ಎಲ್ಲಿಗೂ ಹೋಗದ ರೈಲು, ಮೆಜೆಸ್ಟಿಕ್‌ಗೇ ಹೋಗ್ತಿರಲಿಲ್ಲ, ಜನ ಮಕ್ಕಳನ್ನ ಕೂರಿಸ್ಕೊಂಡು ಪೀಣ್ಯ ನೋಡಿ ವಾಪಸ್ ಬರ್ತಿದ್ರು. ಸುರಂಗ ಮುಗಿದು ಮೆಜೆಸ್ಟಿಕ್ ದಾಟಿ ಯಲಚೇನಹಳ್ಳಿವರೆಗೆ ಹೋಗೋ ಹೊತ್ತಿಗೆ 2017ರ ಜೂನ್ ಆಯ್ತು.

ಅಮ್ಮ ಎರಡೇ ವಾರದಲ್ಲಿ ಸ್ಟೇಷನ್ ಸುತ್ತಮುತ್ತ ತನ್ನದೊಂದು ಊರು ಕಟ್ಕೊಂಡ್ಲು. ಕೆಳಗೆ ಹೂವು ಮಾರೋ ಹೆಂಗಸು, ಸೊಪ್ಪಿನ ಗಾಡಿಯವನು, ಸಂಜೆ ಮೆಟ್ಟಿಲ ಹತ್ರ ಕೂರೋ ಮೂರು ಜನ ವಯಸ್ಸಾದೋರು. ಸೊಪ್ಪಿನವನ ಹತ್ರ ದಿನಾ ಜಗಳ. ಬಾಳೆಎಲೆಗೆ ದುಡ್ಡಾ, ಕರಿಬೇವಿಗೆ ದುಡ್ಡಾ, ನಿಂಬೆಹಣ್ಣು ಒಂದಕ್ಕೆ ಇಷ್ಟಾ ಅಂತ. ಆಮೇಲೆ ಅವನೇ ಅಮ್ಮ ಬಂದ್ರೆ ಕರಿಬೇವು ಸುಮ್ನೆ ಕೊಡಕ್ಕೆ ಶುರುಮಾಡಿದ. ನಾನು ಹದಿನೈದು ದಿನಕ್ಕೊಂದ್ಸಲ ಶಿವಮೊಗ್ಗದಿಂದ ಹೋಗ್ತಿದ್ದೆ, ಹೋದಾಗೆಲ್ಲ ಅವಳ ಊರು ಒಂದೊಂದು ಅಂಗಡಿ ದೊಡ್ಡದಾಗಿರ್ತಿತ್ತು.

ಕಣ್ಣಾಸ್ಪತ್ರೆ ಇದ್ದಿದ್ದು ಜಯನಗರದ ಕಡೆ, ಇದೇ ಗ್ರೀನ್ ಲೈನು, ನೇರ ಹೋಗಬಹುದು. ಜೂನಲ್ಲಿ ಟೆಸ್ಟುಗಳಿಗೆ ಅಂತ ನಾನೇ ಕರ್ಕೊಂಡು ಹೋದೆ. ಹೋಗೋವಾಗ ಏನೂ ತೊಂದರೆ ಆಗ್ಲಿಲ್ಲ, ಸಂಪಿಗೆ ರೋಡ್ ಹತ್ರ ರೈಲು ನೆಲದೊಳಗೆ ಇಳಿದು ಕಿಟಕಿ ಕಪ್ಪಾದಾಗ "ಬಿಲ ಹೊಕ್ತನಾ ಇದು" ಅಂತ ನನ್ನ ತೋಳು ಹಿಡ್ಕೊಂಡ್ಲು ಅಷ್ಟೇ. ವಾಪಸ್ ಬರೋವಾಗ ಅಕ್ಕ ಚಿಕ್ಕಪೇಟೆಯಿಂದ ಏನೋ ತರಕ್ಕೆ ಹೇಳಿದ್ಲು, ಅಲ್ಲಿ ಇಳಿದು, ಅಲೆದು, ಅಮ್ಮಂಗೆ ಸುಸ್ತಾಗಿ, ಸರಿ ಮೆಜೆಸ್ಟಿಕ್‌ಗೆ ಹತ್ರ ತಾನೆ ಅಂತ ಆಟೋದಲ್ಲಿ ಮೆಜೆಸ್ಟಿಕ್‌ಗೆ ಬಂದು ಅಲ್ಲಿ ಮೆಟ್ರೋ ಹತ್ತಕ್ಕೆ ಹೋಗಿದ್ದು ನನ್ನ ದಡ್ಡತನ. ಸಂಜೆ ಆರೂವರೆ. ಎರಡು ಲೈನ್ ಸೇರೋ ಜಾಗ, ಜನ ಅಂದ್ರೆ ಜನ, ಸಿಗಂದೂರು ಜಾತ್ರೇಲಿ ಹಿನ್ನೀರು ದಾಟಕ್ಕೆ ಲಾಂಚ್ ಹತ್ತೋವಾಗ ಆಗ್ತಿತ್ತಲ್ಲ ಹಂಗೆ ಹಿಂದಿನಿಂದ ಒಂದು ಅಲೆ ಬಂದು ಅಮ್ಮನ ಎತ್ತಿ ಒಳಗೆ ಹಾಕ್ತು. ನಾನು ಒಂದು ಕಾಲು ಇಡೋಷ್ಟರಲ್ಲಿ ಪೀಂ ಪೀಂ ಅಂತು, ಬಾಗಿಲು ಮುಚ್ಚಿಕೊಳ್ತು. ಗಾಜಿನ ಆ ಕಡೆ ಅಮ್ಮನ ಸೆರಗು ಕಂಡಿದ್ದೇ ಕೊನೆ.

ಅವಳ ಫೋನು ನನ್ನ ಬ್ಯಾಗಲ್ಲಿ. ಅವಳ ಟೋಕನ್ನೂ ನನ್ನ ಜೇಬಲ್ಲಿ, ಕಳೆದುಹಾಕ್ತೀಯ ಅಂತ ನಾನೇ ಇಟ್ಕೊಂಡಿದ್ದೆ. ಕಣ್ಣು ಸರಿ ಕಾಣಲ್ಲ, ಬೋರ್ಡ್ ಓದಕ್ಕಾಗಲ್ಲ. ಮುಂದಿನ ರೈಲು ಬರೋ ತನಕ ಪ್ಲಾಟ್‌ಫಾರ್ಮಲ್ಲಿ ನಿಂತು ನಾನು ಏನೇನು ಯೋಚಿಸಿದೆ ಅಂತ ಇಲ್ಲಿ ಬರೆಯಲ್ಲ, ಅಮ್ಮ ಇದನ್ನ ಯಾರ ಹತ್ರಾದ್ರೂ ಓದಿಸ್ತಾಳೆ. ಮುಂದಿನ ರೈಲಲ್ಲಿ ಹತ್ತಿ, ಸಂಪಿಗೆ ರೋಡಲ್ಲಿ ಬಾಗಿಲಿಂದ ತಲೆ ಹೊರಗೆ ಹಾಕಿ ಪ್ಲಾಟ್‌ಫಾರ್ಮ್ ಉದ್ದಕ್ಕೂ ನೋಡಿದೆ, ಇಲ್ಲ. ಶ್ರೀರಾಂಪುರದಲ್ಲಿ ನೋಡಿದೆ, ಇಲ್ಲ. ಕುವೆಂಪು ರಸ್ತೆಯಲ್ಲಿ ಇಳಿದ್ರೆ, ಅಲ್ಲೇ ಬೆಂಚ್ ಮೇಲೆ ಆರಾಮಾಗಿ ಕಾಲು ಚಾಚಿಕೊಂಡು ಕೂತಿದಾಳೆ, ಪಕ್ಕದಲ್ಲಿ ಒಂದು ಇಪ್ಪತ್ತು ಇಪ್ಪತ್ತೆರಡರ ಹುಡುಗಿ, ಕತ್ತಲ್ಲಿ ಯಾವುದೋ ಅಂಗಡಿಯ ಐಡಿ ಕಾರ್ಡು, ಇಬ್ಬರಿಗೂ ಏನೋ ಭಾರಿ ಮಾತು.

"ಹೆಂಗೆ ಇಳಿದೆ?" ಅಂದೆ, ಉಸಿರು ಬಿಡ್ತಾ.

"ಕಿವಿ ಇಲ್ವನಾ ನಂಗೆ? ಅವಳು ಹೇಳ್ತಾಳಲ್ಲ, ಮುಂದಿನ ನಿಲ್ದಾಣ ಮಹಾಕವಿ ಕುವೆಂಪು ರಸ್ತೆ ಅಂತ. ಎದ್ದು ಬಾಗಿಲ ಹತ್ರ ನಿಂತೆ. ತೆರೀತು, ಇಳಿದೆ. ನೀ ಎಂತಕ್ಕೆ ಹಿಂಗೆ ಬೆವರಿದೀಯ?"

ಆ ಹುಡುಗಿ ಹಾಸನದ ಕಡೆಯೋಳಂತೆ, ಮೊಬೈಲ್ ಅಂಗಡಿ ಕೆಲಸ. ಅಜ್ಜಿ ಒಬ್ರೇ ಕೂತಿದಾರೆ ಅಂತ ಮಾತಾಡಿಸಿದಾಳೆ, ಅಮ್ಮ ನಮ್ಮೂರು ಕುಪ್ಳಿ ಹತ್ರ ಅಂದಿದಾಳೆ. ಅವಳಿಗೆ ಕುವೆಂಪು ಗೊತ್ತು, ಸ್ಕೂಲಲ್ಲಿ ದಿನಾ ನಾಡಗೀತೆ ಹಾಡಿದಾಳೆ, ಪರೀಕ್ಷೇಲಿ ಕನ್ನಡದ ಮೊದಲ ಜ್ಞಾನಪೀಠ ಯಾರಿಗೆ ಅಂತ ಬರೆದಿದಾಳೆ, ಆದ್ರೆ ಕುಪ್ಪಳಿ ಅಂದ್ರೆ ಎಲ್ಲಿ ಅಂತ ಗೊತ್ತಿರಲಿಲ್ಲ. ನಾನು ಹೋದಾಗ ಅಮ್ಮ ಬೆಂಚಿನ ಮೇಲೆ ಬೆರಳಲ್ಲಿ ಬರೆದು ತೋರಿಸ್ತಿದ್ಲು. "ನೋಡು, ಕು ಅಂದ್ರೆ ಕುಪ್ಳಿ. ವೆಂ ಅಂದ್ರೆ ವೆಂಕಟಪ್ಪ, ಅವ್ರಪ್ಪ. ಪು ಅಂದ್ರೆ ಪುಟ್ಟಪ್ಪ. ಮೂರು ಅಕ್ಷರದಲ್ಲಿ ಊರು, ಅಪ್ಪ, ಮಗ ಎಲ್ಲ ಬಂತು." ಹುಡುಗಿ, "ಅಂದ್ರೆ ಈ ಸ್ಟೇಷನ್ ಹೆಸರಲ್ಲಿ ಮೊದಲು ನಿಮ್ಮೂರೇ ಇದೆ ಅಲ್ವಾ ಅಜ್ಜಿ" ಅಂದ್ಲು. ಅಮ್ಮನ ಮುಖ ನೋಡಬೇಕಿತ್ತು. ನಮ್ಮೂರು ಕುಪ್ಪಳಿ ಅಲ್ಲ, ಅಲ್ಲಿಂದ ಈಚೆ ಇನ್ನೂ ಎರಡು ಹಳ್ಳ ದಾಟಬೇಕು, ಕುವೆಂಪು ಹುಟ್ಟಿದ್ದು ಹಿರೇಕೊಡಿಗೆ ಅದು ಕೊಪ್ಪ ತಾಲೂಕು ಅಂತ ನಾನು ತಿದ್ದಕ್ಕೆ ಬಾಯಿ ತೆರೆದೆ, ಆಮೇಲೆ ಸುಮ್ನಾದೆ.

ನಂಗೆ ನಲವತ್ತು ದಾಟಿದೆ. ಕುವೆಂಪು ಯೂನಿವರ್ಸಿಟಿಯಲ್ಲೇ ಡಿಗ್ರಿ ಮಾಡಿದೀನಿ. ಆ ಹೆಸರನ್ನ ಬಿಡಿಸಿ ಓದಬಹುದು ಅನ್ನೋದು ನಂಗೂ ಗೊತ್ತಿತ್ತು, ಕ್ವಿಜ್ಜಿನ ಉತ್ತರದ ಥರ ಗೊತ್ತಿತ್ತು. ಬೆಂಗಳೂರಿನ ಒಂದು ಸಿಮೆಂಟ್ ಪ್ಲಾಟ್‌ಫಾರ್ಮ್ ಮೇಲೆ ನಮ್ಮ ಕಡೆಯ ಒಂದು ಸಣ್ಣ ಊರು ಒಂದೇ ಅಕ್ಷರವಾಗಿ ಬೋರ್ಡ್ ಮೇಲೆ ಕೂತಿದೆ ಅಂತ ಯಾವತ್ತೂ ಅನಿಸಿರಲಿಲ್ಲ. ಅಲ್ಲಿಂದಾಚೆ ಅಮ್ಮಂಗೂ ಅದೇ ಹುಚ್ಚು ಹಿಡೀತು. ಯಶವಂತಪುರದಿಂದ ನಮ್ ಸ್ಟೇಷನ್ನಿಗೆ ನಾಲ್ಕೇ ಸ್ಟಾಪು, ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಮಹಾಲಕ್ಷ್ಮಿ, ರಾಜಾಜಿನಗರ, ಆಮೇಲೆ ಕುವೆಂಪು ರಸ್ತೆ. ಸೋಪ್ ಫ್ಯಾಕ್ಟರಿಗೆ ನಮ್ ಶಿವಮೊಗ್ಗಕ್ಕೆ ಏನಾದ್ರೂ ಸಂಬಂಧ ಇದೆಯಾ ಅಂತ ಕೇಳಿದ್ಲು. ಇದೆ ಅಂದೆ. ಮೊದಲ ಮಹಾಯುದ್ಧದ ಹೊತ್ತಲ್ಲಿ ಗಂಧ ಹೊರದೇಶಕ್ಕೆ ಹೋಗೋದು ನಿಂತು ಮೈಸೂರು ಸರ್ಕಾರದ ಹತ್ರ ರಾಶಿ ಬಿದ್ದಾಗ ಎಣ್ಣೆ ತೆಗೆಯೋ ಯೋಚನೆ ಬಂದಿದ್ದು, ಆ ಎಣ್ಣೆಯಿಂದ ಸೋಪು, ನಾಲ್ವಡಿಯವರು ರಾಜರು, ವಿಶ್ವೇಶ್ವರಯ್ಯ ದಿವಾನರು. 1944ರಲ್ಲಿ ಶಿವಮೊಗ್ಗದಲ್ಲೂ ಗಂಧದೆಣ್ಣೆ ಫ್ಯಾಕ್ಟರಿ ಆಯ್ತು, 1980ರಲ್ಲಿ ಮೈಸೂರು ಶಿವಮೊಗ್ಗ ಎರಡೂ ಎಣ್ಣೆ ಫ್ಯಾಕ್ಟರೀನ ಸೋಪ್ ಫ್ಯಾಕ್ಟರಿ ಜೊತೆ ಸೇರಿಸಿ ಒಂದೇ ಕಂಪನಿ ಮಾಡಿದ್ರು. ಅಮ್ಮ ಕೇಳಿ, "ನಮ್ ಬೇಲೀಲಿ ಗಂಧದ ಗಿಡ ಹುಟ್ಟಿದ್ರೆ ನಿಮ್ಮಪ್ಪಂಗೆ ರಾತ್ರಿ ನಿದ್ದೆ ಇರ್ತಿರಲಿಲ್ಲ, ಕಳ್ಳ ಕಡಿದ್ರೂ ಇವರನ್ನೇ ಕೇಳ್ತಿದ್ರು, ನಮ್ ಜಾಗದಲ್ಲಿದ್ರೂ ಮರ ಆಗ ಸರ್ಕಾರದ್ದು" ಅಂದ್ಲು. ಆಮೇಲೆ ಒಂದು ನಿಮಿಷ ಬಿಟ್ಟು, "ಹಂಗಾರೆ ಎರಡು ಸ್ಟೇಷನ್ ನಮ್ದು" ಅಂದ್ಲು.

ಮೂರನೇದೂ ನಮ್ದೇ ಅಂತ ಗೊತ್ತಾಗಿದ್ದು ಜುಲೈನಲ್ಲಿ, ಗೊತ್ತಾದ ರೀತಿ ಚೆನ್ನಾಗಿರಲಿಲ್ಲ.

ಬಲಗಣ್ಣು ಜೂನ್ ಕೊನೇಲಿ ಆಗಿತ್ತು. ಜುಲೈ 12, ಶುಕ್ರವಾರ ಚೆಕಪ್ಪು, ನಾನು ಹಿಂದಿನ ದಿನ ರಾತ್ರಿ ಬಸ್ಸಲ್ಲಿ ಹೋಗಿದ್ದೆ. ಬೆಳಗ್ಗೆ ಅಕ್ಕನ ಮನೆ ಟಿವೀಲಿ ಸುದ್ದಿ, ನಿರೂಪಕಿ ಅಪರ್ಣಾ ತೀರಿಕೊಂಡ್ರು, ಹಿಂದಿನ ರಾತ್ರಿನೇ, ಶ್ವಾಸಕೋಶದ ಕ್ಯಾನ್ಸರ್ ಅಂತೆ, ಇನ್ನೂ 57. ಅಮ್ಮ ಅವರನ್ನ ದೂರದರ್ಶನದ ಕಾಲದಿಂದ ನೋಡಿದೋಳು, ಆಮೇಲೆ ಕಾಮಿಡಿ ಶೋನಲ್ಲಿ ವರಲಕ್ಷ್ಮಿ ಆಗಿ ನಗಿಸ್ತಿದ್ರಲ್ಲ ಅದಂತೂ ಒಂದೂ ಬಿಡ್ತಿರಲಿಲ್ಲ. ಟಿವಿಯವರು ಹಳೇ ಕ್ಲಿಪ್ ಹಾಕ್ತಾ ಹಾಕ್ತಾ ಮಧ್ಯದಲ್ಲಿ ನಮ್ಮ ಮೆಟ್ರೋದ ಅನೌನ್ಸ್‌ಮೆಂಟ್ ಹಾಕಿದ್ರು. ಅಮ್ಮ ಕಾಫಿ ಲೋಟ ಕೆಳಗಿಟ್ಲು.

"ನಮ್ ರೈಲಿನೋಳಾ ಅವಳು?"

ಹೌದಮ್ಮ, ಅದೇ ಧ್ವನಿ. ಅಮ್ಮ ಎರಡು ತಿಂಗಳಿಂದ ಆ ಧ್ವನಿ ಹಿಡ್ಕೊಂಡೇ ಓಡಾಡಿದ್ಲು, ಕಣ್ಣು ಕಾಣದಾಗ ಅವಳಿಗೆ ಬೆಂಗಳೂರು ಅಂದ್ರೆ ಆ ಧ್ವನಿನೇ, ಆದ್ರೆ ಅದು ಟಿವಿಯ ಅಪರ್ಣಾ ಅಂತ ಹೊಳೆದಿರಲಿಲ್ಲ. ಕಡೂರು ತಾಲೂಕಿನ ಪಂಚನಹಳ್ಳಿಯವರು ಅಂತ ಸುದ್ದೀಲಿ ಬಂತು. ಮಾಮೂಲಿ ದಿನ ಆಗಿದ್ರೆ ಅಮ್ಮ ಕಡೂರು ಬಯಲುಸೀಮೆ, ನಮ್ ಕಡೆ ಅಲ್ಲ ಅಂತಿದ್ಲು. ಅವತ್ತು ಅನ್ಲಿಲ್ಲ.

ಹತ್ತೂವರೆ ಹೊತ್ತಿಗೆ ಸ್ಟೇಷನ್ನಿಗೆ ಹೋದ್ವಿ. ರೈಲಲ್ಲಿ ಸೀಟ್ ಸಿಕ್ತು. ಬಾಗಿಲು ಮುಚ್ಚಿಕೊಂಡು ಹೊರಟ ಕೂಡಲೇ ಎಂದಿನ ಹಂಗೇ, ಅದೇ ನಿಧಾನ, ಅದೇ ಅಚ್ಚುಕಟ್ಟು, ಮುಂದಿನ ನಿಲ್ದಾಣ ಶ್ರೀರಾಂಪುರ ಅಂತು. ಎದುರಿಗೆ ಕೂತಿದ್ದ ಒಬ್ರು ಗಂಡಸು ಫೋನಿಂದ ತಲೆ ಎತ್ತಿ ಮೇಲೆ ಸ್ಪೀಕರ್ ಕಡೆ ನೋಡಿದ್ರು. ಅವರ ಪಕ್ಕದ ಹೆಂಗಸೂ ನೋಡಿದ್ರು. ಯಾರೂ ಏನೂ ಮಾತಾಡ್ಲಿಲ್ಲ. ಸಂಪಿಗೆ ರೋಡು, ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್, ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಪ್ರತಿ ಸಲವೂ ಅಮ್ಮ ಕಣ್ಣು ಮುಚ್ಚಿಕೊಂಡು ಕೇಳಿದ್ಲು. ಬಲಗಣ್ಣು ಆಗ ಚೆನ್ನಾಗೇ ಕಾಣ್ತಿತ್ತು ಅವಳಿಗೆ, ಆದ್ರೂ ಮುಚ್ಚಿಕೊಂಡಿದ್ಲು. ಜಯನಗರದಲ್ಲಿ ಇಳಿಯೋವಾಗ ಬಾಗಿಲ ಹತ್ರ ನಿಂತು ಯಾರಿಗೋ ಹೇಳೋ ಥರ "ಬರ್ತೀನಿ ಹಂಗಾರೆ" ಅಂದ್ಲು, ನಂಗೆ ಅಂದ್ಲು ಅಂತ ಮೊದಲು ಅನ್ಕೊಂಡೆ.

ವಾಪಸ್ ಬಂದಾಗ ಇನ್ನೊಂದು ಆಯ್ತು. ನಮ್ ಸ್ಟೇಷನ್ನಲ್ಲಿ ಇಳಿದು ಮೆಟ್ಟಿಲ ಕಡೆ ಹೋಗ್ತಿದ್ದೆ, ಅಮ್ಮ ಹಿಂದೆ ಇಲ್ಲ. ತಿರುಗಿ ನೋಡಿದ್ರೆ ಪ್ಲಾಟ್‌ಫಾರ್ಮ್ ಮಧ್ಯ ಬೋರ್ಡ್ ಕೆಳಗೆ ನಿಂತು ಎಡಗಣ್ಣನ್ನ ಅಂಗೈಲಿ ಮುಚ್ಕೊಂಡು ಓದ್ತಿದಾಳೆ, ಜೋರಾಗಿ, ಒಂದನೇ ಕ್ಲಾಸಿನ ಮಕ್ಕಳ ಥರ ಅಕ್ಷರ ಬಿಡಿಸಿ. ಮ, ಹಾ, ಕ, ವಿ. ಅಮ್ಮ ಓದಿದ್ದು ಏಳನೇ ಕ್ಲಾಸು, ಕನ್ನಡ ಒಂದೇ ಬರೋದು. 2017ರಲ್ಲಿ ಮೆಟ್ರೋ ಬೋರ್ಡಲ್ಲಿ ಹಿಂದಿ ಯಾಕೆ ಅಂತ ದೊಡ್ಡ ಗಲಾಟೆ ಆಗಿ, ಬೋರ್ಡುಗಳಿಗೆ ಕಪ್ಪು ಬಳಿದು, ಕೊನೆಗೆ ಹಿಂದಿ ತೆಗೆದ್ರಲ್ಲ, ಆಗ ನಾನು ಶಿವಮೊಗ್ಗದಲ್ಲಿ ಕೂತ್ಕೊಂಡು ಇದೆಲ್ಲ ಬೆಂಗಳೂರೋರಿಗೆ ಕೆಲಸ ಇಲ್ಲದ ಜಗಳ ಅನ್ಕೊಂಡಿದ್ದೆ. ಒಂದು ಬೋರ್ಡ್ ಓದಕ್ಕೆ ನಮ್ಮಮ್ಮ ತಗೊಂಡ ಹೊತ್ತು ನೋಡಿದ್ಮೇಲೆ ಹಂಗೆ ಅನ್ಸಲ್ಲ. ಓದಿ ಮುಗಿಸಿ ಕೈ ತೆಗೆದು, "ಕು ದೊಡ್ಡದಾಗೇ ಬರೆದಿದಾರೆ" ಅಂದ್ಲು. ಎಲ್ಲ ಅಕ್ಷರನೂ ಒಂದೇ ಸೈಜು, ನಾನು ನೋಡಿದೀನಿ.

ಅಷ್ಟರಲ್ಲಿ ಊರಿಂದ ಫೋನು ಶುರುವಾಗಿತ್ತು. ಆ ವರ್ಷ ಜುಲೈ ಮಳೆ ನಿಮಗೆ ಗೊತ್ತೇ ಇದೆ, ಬಿಟ್ಟೂಬಿಡದೆ ಹೊಡೀತು. ಔಷಧಿ ಹೊಡೆಯೋರು ಅಡಿಕೆ ಮರ ಹತ್ತಕ್ಕೆ ಎರಡು ದಿನ ಮಳೆ ಬಿಟ್ಟು ಹೊಳವಾಗಬೇಕು, ಹೊಳವೇ ಇಲ್ಲ. ಸುಣ್ಣ ಮೈಲುತುತ್ತ ತಂದು ಕೊಟ್ಟಿಗೇಲಿ ಇಟ್ಟಿದ್ದು ಇಟ್ಟಂಗೇ ಇದೆ, ಕೊಳೆರೋಗ ಬಿದ್ರೆ ಫಸಲು ಪೂರ್ತಿ ನೆಲಕ್ಕೆ ಅಂತ ಪಕ್ಕದ ಮನೆಯೋರು ದಿನಾ ಹೇಳ್ತಿದ್ರು. ಅಮ್ಮ ಗಾಯತ್ರಿನಗರದ ಕಿಟಕೀಲಿ ಕೂತು ಹನಿ ಬೀಳ್ತಿದ್ರೆ "ಇದೂ ಒಂದು ಮಳೆನಾ" ಅಂತ ಬೈಕೊಂಡು, ತೋಟ ನೆನೆಸ್ಕೊಂಡು ಒದ್ದಾಡ್ತಿದ್ಲು. ಎಡಗಣ್ಣು ಮುಗಿದು ಡ್ರಾಪ್ಸ್ ಹಾಕೋ ದಿನ ಮುಗಿಯೋಕೂ ಬಿಡಲಿಲ್ಲ, ಆಗಸ್ಟ್ ಎರಡನೇ ವಾರ ಹೊರಟೇಬಿಟ್ಲು. ಹೋಗೋವಾಗ ಸೊಪ್ಪಿನವನಿಗೆ ಒಂದು ಬಾಟಲಿ ಮಿಡಿ ಉಪ್ಪಿನಕಾಯಿ. ಹೂವಿನೋಳಿಗೆ ಇನ್ನೊಂದು. ಯಶವಂತಪುರದ ಸ್ಕ್ಯಾನಿಂಗ್ ಹತ್ರ ಆ ಸೆಕ್ಯುರಿಟಿ ಹೆಂಗಸು ಇರ್ತಾರೇನೋ ಅಂತ ಒಂದು ಪೊಟ್ಟಣ ಹಪ್ಪಳ ಬೇರೆ ಇಟ್ಕೊಂಡಿದ್ಲು, ಅವರು ಇರಲಿಲ್ಲ, ಹಪ್ಪಳ ಶಿವಮೊಗ್ಗಕ್ಕೆ ನನ್ನ ಮನೆಗೆ ಬಂತು. ಕೊಳೆ ಬಿತ್ತು, ಮೂರರಲ್ಲಿ ಒಂದು ಪಾಲು ಹೋಯ್ತು. ಕಣ್ಣು ಬಂತು, ಅಡಿಕೆ ಹೋಯ್ತು ಅಂತ ಅವಳೇ ಲೆಕ್ಕ ಮುಗಿಸಿದ್ಲು.

ನಾನು ಈಗಲೂ ಕೆಲಸದ ಮೇಲೆ ಎರಡು ತಿಂಗಳಿಗೊಂದ್ಸಲ ಹೋಗ್ತೀನಿ. 2025ರ ಫೆಬ್ರವರಿಯಲ್ಲಿ ಟಿಕೆಟ್ ರೇಟ್ ಏರಿಸಿದ್ರು, 60 ಇದ್ದಿದ್ದು 90ರವರೆಗೆ ಹೋಯ್ತು, ಅಕ್ಕ ಭಾವ ಇಬ್ಬರೂ ದಿನಾ ಓಡಾಡೋರು, ಅವರಿಗೆ ಬಿಸಿ ತಟ್ಟಿದೆ. ಆ ಸಲ ನಾನು ಯಶವಂತಪುರದಲ್ಲಿ ಇಳಿದು ಮೆಟ್ರೋ ಹತ್ತಿದಾಗ ಕೈಲಿ ಅಮ್ಮ ಕೊಟ್ಟ ಅದೇ ವೈರ್ ಬುಟ್ಟಿ. ಸ್ಕ್ಯಾನಿಂಗ್ ಸಲೀಸಾಗಿ ಆಯ್ತು. ರಾಜಾಜಿನಗರ ಬಿಡೋ ಹೊತ್ತಿಗೆ ಅಮ್ಮನ ಫೋನು.

"ಎಲ್ಲಿದೀಯ?"

"ಬಂತಮ್ಮ, ಇನ್ನೊಂದೇ ಸ್ಟೇಷನ್."

"ಕತ್ತಿ ಇಟ್ಟಿಲ್ಲ ಈ ಸಲ."

"ಗೊತ್ತಾಯ್ತು."

"ಅವಳು ಹೇಳ್ತಿದಾಳನಾ ಇನ್ನೂ?"

ನಾನು ಉತ್ತರ ಕೊಡಲಿಲ್ಲ, ಫೋನನ್ನ ಮೇಲೆ ಸ್ಪೀಕರ್ ಕಡೆ ಎತ್ತಿ ಹಿಡಿದೆ. ಪಕ್ಕದಲ್ಲಿ ನಿಂತಿದ್ದ ಹುಡುಗ ಇದೇನು ಅಂತ ನೋಡಿದ. ಮುಂದಿನ ನಿಲ್ದಾಣ ಅಂತ ಶುರುವಾಗಿ ಪೂರ್ತಿ ಮುಗಿಯೋ ತನಕ ಹಂಗೇ ಹಿಡಿದಿದ್ದು, ಆಮೇಲೆ ಕಿವಿಗೆ ಇಟ್ಕೊಂಡೆ. ಆ ಕಡೆ ಅಂಗಳದಲ್ಲಿ ಅಡಿಕೆ ಕೆರೆಯೋ ಸದ್ದು ಮಾತ್ರ ಕೇಳ್ತಿತ್ತು.

"ಆತು, ಇಳಿ ನೀನು, ಬಾಗಿಲು ಹಾಕ್ತಾರೆ" ಅಂದ್ಲು.